ಉಪ್ಪಿನ ಗ್ರಹದ ಕೊನೆಯ ಪುಟ

ನಮ್ಮ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕೃತಕ ಹಲ್ಲು ಕಟ್ಟುತ್ತಿದ್ದವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಮುಂಭಾಗದಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಅವಳ ಕೋಣೆಯಲ್ಲಿ ಸದಾ ಜಿಪ್ಸಮ್ ಪುಡಿ ಹಾರಾಡುತ್ತಿತ್ತು. ಕಿಟಕಿಯ ಹತ್ತಿರ ಮೇಣ ಕರಗಿಸುವ ಚಿಕ್ಕ ಒಲೆ, ಗೋಡೆಯುದ್ದಕ್ಕೂ ಊರಿನವರ ದವಡೆಯ ಅಚ್ಚುಗಳು. ಡಾಕ್ಟರು ಅಳತೆ ತೆಗೆದು ಕೊಟ್ಟರೆ ಉಳಿದದ್ದೆಲ್ಲ ಅವಳ ಪಾಲು.

ಅವಳ ಕೈಚಳಕದ ಗುಟ್ಟು ಇಷ್ಟೇ: ಹೊಸ ಹಲ್ಲಿಗೆ ಸ್ವಲ್ಪ ದೋಷ ಬೆರೆಸುವುದು. ಒಂದಕ್ಕೆ ಚಹದ ಕರೆ, ಇನ್ನೊಂದಕ್ಕೆ ಕಣ್ಣಿಗೆ ಕಾಣಿಸದಷ್ಟು ಸೊಟ್ಟ. "ಪೂರ್ತಿ ಬೆಳ್ಳಗಿದ್ರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ. ಸ್ವಲ್ಪ ಕೊಳೆ ಇರಬೇಕು," ಎನ್ನುತ್ತಿದ್ದಳು. ಸುಳ್ಳನ್ನು ನಿಜದ ಹಾಗೆ ಕಾಣಿಸುವುದೇ ಕಸುಬಾದವಳಿಗೆ ನಿಜವಾಗಿ ಕಾಣುವುದೆಲ್ಲ ಸುಳ್ಳಿರಬಹುದೆಂಬ ಅನುಮಾನ ಬರುವುದು ಸಹಜ. ಆದರೆ ಅದು ಅವಳಿಗೆ ಅಂಟಿಕೊಂಡದ್ದು ಹಲ್ಲಿನಿಂದಲ್ಲ, ಚಿತ್ರಗಳಿಂದ. ಇಲ್ಲಿ ನಾನು ಹೇಳುವುದರಲ್ಲಿ ಅರ್ಧ ಅವಳು ಹೇಳಿದ್ದು, ಅರ್ಧ ಅವಳ ಅತ್ತೆ ಹೇಳಿದ್ದು. ಇಬ್ಬರ ಮಾತೂ ಹೊಂದದ ಕಡೆ ನಾನು ಅತ್ತೆಯನ್ನೇ ನಂಬಿದ್ದೇನೆ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅವಳು ಚಿಕ್ಕಮ್ಮನ ಕ್ಷೌರದಂಗಡಿಯಲ್ಲಿ ಕಾಯುತ್ತಿದ್ದಳಂತೆ. ಗಿರಾಕಿಗಳಿಗೆಂದು ಇಟ್ಟಿದ್ದ ವಾರಪತ್ರಿಕೆಯಲ್ಲಿ 'ಉಪ್ಪಿನ ಗ್ರಹ' ಎಂಬ ಸಿನಿಮಾದ ಕಥೆ ಕಾಮಿಕ್ಸಿನ ಹಾಗೆ, ಕೈಯಲ್ಲಿ ಬರೆದ ಚಿತ್ರಕಥೆಯಾಗಿ ವಾರವಾರ ಬರುತ್ತಿತ್ತು. ಆಕಾಶನೌಕೆ, ಬೆಳ್ಳನೆಯ ಬಯಲು, ಉಪ್ಪಿನ ಬಿರುಗಾಳಿ, ಗಾಜಿನ ಶಿರಸ್ತ್ರಾಣ ತೊಟ್ಟು ನೌಕೆ ನಡೆಸುವ ಒಬ್ಬ ಹೆಂಗಸು. ಆ ಕಾಲದಲ್ಲಿ ಇಂಥ ಚಿತ್ರಕಥೆಗಳು ಸಿನಿಮಾ ತೆರೆಗೆ ಬರುವ ಮೊದಲೇ ತಯಾರಾಗುತ್ತಿದ್ದವು. ಸಿನಿಮಾದವರು ಸಂಭಾಷಣೆಯ ಪ್ರತಿಯನ್ನೂ ನಾಲ್ಕಾರು ಫೋಟೋಗಳನ್ನೂ ಕಳಿಸುತ್ತಿದ್ದರು. ಉಳಿದದ್ದನ್ನು ಚಿತ್ರಗಾರ ತನ್ನ ತಲೆಯಿಂದ ತುಂಬುತ್ತಿದ್ದ.

ಕೊನೆಯ ಪುಟದಲ್ಲಿ ನೌಕೆ ಹಾರಿಹೋದ ಮೇಲೆ ಆ ಹೆಂಗಸು ಒಬ್ಬಳೇ ಉಪ್ಪಿನ ಬಯಲಿನಲ್ಲಿ ಉಳಿಯುತ್ತಾಳೆ. ಶಿರಸ್ತ್ರಾಣ ತೆಗೆಯುತ್ತಾಳೆ. ಏನೂ ಆಗುವುದಿಲ್ಲ. ಉಸಿರಾಡಲು ಗಾಳಿಯಿದೆ. ತನ್ನ ಚೀಲದ ಮೇಲೆ ಕೂತು ಸುತ್ತ ನೋಡುತ್ತಾಳೆ, ಅಷ್ಟೆ. ಹಲ್ಲಕ್ಕ ಆ ಪುಟವನ್ನು ಹರಿದು ಪುಸ್ತಕದೊಳಗಿಟ್ಟುಕೊಂಡಳು. ಮದುವೆಯಾದ ಮೇಲೆ ಎಲ್ಲೋ ಆ ಹಳೆಯ ಸಿನಿಮಾ ತೋರಿಸುತ್ತಿದ್ದಾರೆಂದು ಗಂಡನನ್ನು ಎಳೆದುಕೊಂಡು ಹೋದರೆ, ನೌಕೆ ಹಾರಿದ ಕೂಡಲೇ ದೀಪ ಹತ್ತಿತು. ಆ ಹೆಂಗಸು ಅರ್ಧ ಸಿನಿಮಾದಲ್ಲೇ ಮಾಯ. "ಕತ್ತರಿಸಿಹಾಕಿದ್ದಾರೆ," ಎಂದಳು ಹಲ್ಲಕ್ಕ. ಅಂದಿನಿಂದ ಅದೇ ಅವಳ ವಾದ. ಯಾರು ಸಿಕ್ಕರೂ ಹೇಳುವಳು: ಸಿನಿಮಾದವರು ಕಳ್ಳರು, ಒಳ್ಳೆಯ ದೃಶ್ಯವನ್ನೇ ನುಂಗಿದ್ದಾರೆ, ಸಾಕ್ಷಿ ನನ್ನ ಹತ್ತಿರ ಇದೆ.

ಸಾಕ್ಷಿ ಹುಡುಕುತ್ತ ಹೋದವಳಿಗೆ ಮೂಲಪುಟಗಳ ರುಚಿ ಹತ್ತಿತು. ಮೂಲಪುಟವೆಂದರೆ ಅಚ್ಚಾದದ್ದಲ್ಲ, ಚಿತ್ರಗಾರ ಕೈಯಾರೆ ಬರೆದ ತೆಳು ರಟ್ಟು. ಅಚ್ಚಾದ ಪುಟಕ್ಕಿಂತ ದೊಡ್ಡದು. ಕಪ್ಪು ಶಾಯಿಯ ಕೆಳಗೆ ನೀಲಿ ಪೆನ್ಸಿಲಿನ ಗೆರೆ, ತಪ್ಪಿದ ಕಡೆ ಬಿಳಿ ಬಣ್ಣದ ತೇಪೆ, ಮಾತುಗಳನ್ನು ಬರೆದು ಅಂಟಿಸಿದ ಚೀಟಿಗಳು, ಅಂಚಿನಲ್ಲಿ ಸಂಪಾದಕನ ಗದರಿಕೆ: 'ನೌಕೆ ಇನ್ನೂ ದೊಡ್ಡದಿರಲಿ.' ಇಂಥ ಪುಟಗಳನ್ನು ಹಳೆಪುಸ್ತಕದ ಅಂಗಡಿಗಳಲ್ಲಿ, ಮುಚ್ಚಿಹೋದ ಮುದ್ರಣಾಲಯದ ಕಸದಲ್ಲಿ, ಬೇರೆ ಸಂಗ್ರಹಕಾರರ ಹತ್ತಿರ ಹುಡುಕಿ ತಂದಳು. ಮಲಗುವ ಕೋಣೆಯಲ್ಲಿ ಅಗಲವಾದ ಚಪ್ಪಟೆ ಖಾನೆಗಳನ್ನು ಮಾಡಿಸಿ ಅದರಲ್ಲಿಟ್ಟಳು. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಮಲಗಲು ಜಾಗ ಉಳಿದರೆ ಸಾಕಿತ್ತು. ಅತ್ತೆ ಮಾತ್ರ "ಕರಿಗೀಚು" ಎಂದು ಹೆಸರಿಟ್ಟಿದ್ದಳು. "ಇವತ್ತು ಕರಿಗೀಚು ಬಂತಾ, ಸಂಬಳ ಬಂತಾ?" ಎಂದು ಕೇಳುವಳು.

ಒಮ್ಮೆ ಹೆಸರುವಾಸಿ ವ್ಯಾಪಾರಿಯೊಬ್ಬ ಅವಳಿಗೆ ಒಳ್ಳೆಯ ಪುಟವೊಂದನ್ನು ಕೊಟ್ಟ. ತಿಂಗಳುಗಟ್ಟಲೆ ಅದನ್ನು ನೋಡಿ ಸಂತೋಷಪಟ್ಟ ಮೇಲೆ, ಒಂದು ದಿನ ಸುಮ್ಮನೆ ಹಲ್ಲು ನೋಡುವ ಭೂತಗನ್ನಡಿ ಹಿಡಿದರೆ, ಶಾಯಿಯ ಕೆಳಗೆ ಅಚ್ಚಿನ ಸಣ್ಣ ಚುಕ್ಕೆಗಳು. ಅಚ್ಚಾದ ಪುಟವನ್ನೇ ದೊಡ್ಡದು ಮಾಡಿ ಮೇಲೆ ಶಾಯಿ ಎಳೆದಿದ್ದರು. ಬಿಸಿಹಾಲಿಗೆ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಹಲ್ಲಕ್ಕ ನೀರನ್ನೂ ಊದತೊಡಗಿದಳು. ಚೌಕಟ್ಟು ಹಾಕುವವನು ಪುಟ ಬದಲಾಯಿಸಿಯಾನೆಂದು ಗಾಜು ಕೂರಿಸುವ ತನಕ ಅವನ ಪಕ್ಕದಲ್ಲೇ ನಿಂತಿರುತ್ತಿದ್ದಳು. ಖಾನೆಯಲ್ಲಿ ಒಂದು ಪುಟ ತಲೆಕೆಳಗಾಗಿ ಇದ್ದದ್ದಕ್ಕೆ ಗಂಡನ ವಿಚಾರಣೆ ನಡೆಯಿತು.

"ಯಾರು ಮುಟ್ಟಿದ್ದು?"

"ನಾನೇ. ನೋಡಿದೆ ಅಷ್ಟೆ."

"ಯಾಕೆ ನೋಡಿದ್ರಿ?"

ಪಾಪ, ಹತ್ತಾರು ವರ್ಷ ಅದರ ಪಕ್ಕ ಮಲಗಿದವನು. "ಚೆನ್ನಾಗಿದೆ ಅಂತ," ಎಂದ. ಅದನ್ನೂ ಅವಳು ನಂಬಲಿಲ್ಲ.

ಇಂಥ ದಿನಗಳಲ್ಲಿ ಒಬ್ಬ ಹೆಂಗಸು ನಮ್ಮ ಆಸ್ಪತ್ರೆಗೆ ಬಂದಳು. ಕೈಯಲ್ಲಿ ಮಡಚಿದ ಹಾಸಿಗೆಹೊದಿಕೆಗಳ ಗಂಟು. ಹೆಸರು ಕೇಳಿದರೆ, "ಹಲ್ಲು ನೋವಿಲ್ಲ. ಚಿತ್ರ ತಗೊಳ್ಳೋರು ಯಾರೋ ಇದ್ದಾರಂತಲ್ಲ," ಎಂದಳು. ಹಳೆಪುಸ್ತಕದ ಅಂಗಡಿಯ ಬಾಗಿಲಿಗೆ ಹಲ್ಲಕ್ಕ ಅಂಟಿಸಿದ್ದ ಜಾಹೀರಾತನ್ನು ನೋಡಿ ಬಂದಿದ್ದಳು. ಇಸ್ತ್ರಿ ಅಂಗಡಿ ನಡೆಸುವವಳು. ಬೆರಳ ತುದಿಗಳೆಲ್ಲ ಸುಟ್ಟು ನುಣುಪಾಗಿದ್ದವು. ಎರಡು ಹೊದಿಕೆಗಳ ನಡುವೆ ಉಪ್ಪಿನ ಗ್ರಹದ ಒಂದು ಮೂಲಪುಟವಿತ್ತು. ಹಲ್ಲಕ್ಕ ಅದನ್ನು ಗಂಟೆಗಟ್ಟಲೆ ಶೋಧಿಸಿದಳು. ಎಲ್ಲ ಸರಿಯಿತ್ತು.

"ಎಲ್ಲಿ ಸಿಕ್ತು?"

"ಮನೇಲಿತ್ತು."

"ಮನೇಲಿ ಅಂದ್ರೆ?"

"ಮನೆ ಅಂದ್ರೆ ಮನೆ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ. ಆದ್ರೆ ನನ್ನ ಹತ್ರ ತಗೊಂಡೆ ಅಂತ ಯಾರಿಗೂ ಹೇಳ್ಬಾರದು."

ಹೊರಡುವಾಗ ಇಸ್ತ್ರಿಯವಳು ನನ್ನ ಮೇಜಿನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: "ಇವರು ನಿಜವಾಗ್ಲೂ ಹಲ್ಲು ಮಾಡೋರೇನಾ? ಯಾವ ಪತ್ರಿಕೆಯ ಕಡೆಯವರೂ ಅಲ್ಲ ತಾನೆ?" ಒಳಗಿದ್ದವಳಿಗೆ ಇವಳ ಮೇಲೆ ಸಂಶಯ, ಇವಳಿಗೆ ಒಳಗಿದ್ದವಳ ಮೇಲೆ. ನಡುವೆ ನಾನು.

ಹೀಗೆ ಆಗೊಮ್ಮೆ ಈಗೊಮ್ಮೆ ಪುಟಗಳು ಬಂದವು. "ಇನ್ನೂ ಇದೆಯಾ?" ಎಂದು ಹಲ್ಲಕ್ಕ ಪ್ರತಿ ಸಲ ಕೇಳುವಳು. "ನೋಡ್ತೀನಿ," ಎಂದು ಇವಳು ಹೋಗುವಳು. ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಹಲ್ಲಕ್ಕ ನನ್ನನ್ನು ಒಳಗೆ ಕರೆದು ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟಳು. "ಇದು ಮೊದಲು ಬಂದದ್ದು. ಪೆನ್ಸಿಲ್ ನೋಡು. ಈ ಕೈಯನ್ನ ಇಲ್ಲಿ ಬರೆದಿದ್ದಾನೆ, ಬೇಡ ಅನ್ನಿಸಿದೆ, ಅಲ್ಲಿ ಬರೆದಿದ್ದಾನೆ, ಆಮೇಲೆ ಇಲ್ಲಿಗೆ ತಂದಿದ್ದಾನೆ. ಹುಡುಕಾಡಿದ್ದಾನೆ. ಈಗ ಇದನ್ನ ನೋಡು. ಹೋದ ವಾರ ಬಂದದ್ದು. ಒಂದೇ ಗೆರೆ, ನೇರ ದಾರಿ. ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿದ್ದವನು ಬರೆದದ್ದು."

ರಟ್ಟು ಹಳೆಯದೇ. ಬರೆದ ಕೈ ಕೂಡ ಅದೇ ಚಿತ್ರಗಾರನದರ ಹಾಗೆ ಕಂಡಿತು. ಆದರೆ ಅಂಟಿಸಿದ ಚೀಟಿ ಮೂಸಿ ನೋಡಿದರೆ ಗೋಂದಿನ ವಾಸನೆ ಇನ್ನೂ ಹೋಗಿರಲಿಲ್ಲ.

ಮುಂದಿನ ಸಲ ಇಸ್ತ್ರಿಯವಳು ಬಂದು ಹೋದಾಗ ಹಲ್ಲಕ್ಕ ಏಪ್ರನ್ ಬಿಚ್ಚಿಟ್ಟು ಹಿಂಬಾಲಿಸಿದಳು. ಜೊತೆಗೆ ಅತ್ತೆ. ಅಂದು ಒತ್ತುತ್ತಿದ್ದ ಕಟ್ಟುಹಲ್ಲನ್ನು ಸ್ವಲ್ಪ ಉಜ್ಜಿಸಿಕೊಳ್ಳಲು ಬಂದಿದ್ದ ಅತ್ತೆ, "ಒಬ್ಳೇ ಹಿಂದೆ ಹೋದ್ರೆ ಬೇಹುಗಾರಿಕೆ. ಮುದುಕಿ ಜೊತೆ ಹೋದ್ರೆ ಪೇಟೆಗೆ ಹೊರಟ ಹಾಗೆ ಇರುತ್ತೆ," ಎಂದು ಹೊರಟೇಬಿಟ್ಟಳು. ಬಸ್ಸಿನಲ್ಲಿ ಮುಂದಿನ ಬಾಗಿಲಲ್ಲಿ ಇಸ್ತ್ರಿಯವಳು, ಹಿಂದಿನ ಬಾಗಿಲಲ್ಲಿ ಇವರು. ಇಳಿದದ್ದು ರೈಲುಹಳಿಯ ಪಕ್ಕದ ಇಕ್ಕಟ್ಟಾದ ಬೀದಿಯಲ್ಲಿ. ಅಂಗಡಿಯೊಳಗಿನಿಂದ ಹಬೆ ಹೊರಗೆ ನುಗ್ಗುತ್ತಿತ್ತು. ಪಕ್ಕದಲ್ಲಿ ಮೇಲಕ್ಕೆ ಹೋಗುವ ಕಿರಿದಾದ ಮೆಟ್ಟಿಲು.

ಅತ್ತೆ ನೇರವಾಗಿ ಅಂಗಡಿಗೆ ನುಗ್ಗಿ, "ನನ್ನ ಮಗನ ಅಂಗಿಯ ಕಾಲರ್ ಸುಟ್ಟವರು ನೀವೇ ತಾನೆ?" ಎಂದು ಇಲ್ಲದ ಅಂಗಿಗಾಗಿ ಜಗಳ ತೆಗೆದಳು. ಆ ಸಂದಿಯಲ್ಲಿ ಹಲ್ಲಕ್ಕ ಮೆಟ್ಟಿಲು ಹತ್ತಿದಳು.

ಮೇಲಿನ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿದ ಹಲಗೆ, ಅದರ ಮುಂದೆ ಒಬ್ಬ ಮುದುಕ. ಹಲಗೆಯ ಒಂದು ಮಗ್ಗುಲಲ್ಲಿ ಹಳೆಯ ವಾರಪತ್ರಿಕೆಯ ಪುಟ, ಇನ್ನೊಂದು ಮಗ್ಗುಲಲ್ಲಿ ಅದೇ ಪುಟ ಅರ್ಧ ಶಾಯಿಯಾಗಿ, ಹಸಿಹಸಿಯಾಗಿ. ಇವಳ ನೆರಳು ಬಿದ್ದದ್ದೇ ತಡ, ಮುದುಕ ಟವೆಲು ಎಳೆದು ಮುಚ್ಚಿದ.

"ಮುಚ್ಚಬೇಡಿ. ನೋಡಿ ಆಯ್ತು," ಎಂದಳು ಹಲ್ಲಕ್ಕ.

"ಯಾರು ಕಳಿಸಿದ್ದು ನಿನ್ನ? ಪತ್ರಿಕೆಯವರಾ?" ಬಾಯಲ್ಲಿ ಹಲ್ಲಿಲ್ಲದೆ ಅವನ ಮಾತು ಬುಸುಗುಡುತ್ತಿತ್ತು.

"ಯಾವ ಪತ್ರಿಕೆಯೂ ಇಲ್ಲ. ನಾನು ದುಡ್ಡು ಕೊಟ್ಟು ಮೋಸ ಹೋದವಳು. ನೀವ್ಯಾರು?"

"ಬರೆದವನು."

"ಬರೆದವರು ಸತ್ತು ಎಷ್ಟೋ ಕಾಲ ಆಯ್ತು. ಎಲ್ಲರಿಗೂ ಗೊತ್ತು."

"ನನಗೆ ಯಾರೂ ಹೇಳಲಿಲ್ಲ," ಎಂದ ಮುದುಕ.

ಹಲ್ಲಕ್ಕ ನಗಲಿಲ್ಲ. ಸತ್ತವನ ಹೆಸರಿನಲ್ಲಿ ವ್ಯಾಪಾರ ಮಾಡುವವರನ್ನು ಅವಳು ಕಂಡಿದ್ದಳು. ಅವನೇ ಬಿರುಗಾಳಿಯ ಪುಟ ಯಾರ ಹತ್ತಿರ ಇದೆ ಎಂದು ಕೇಳಿದ. ತನ್ನ ಹತ್ತಿರವೇ ಇದೆ, ಮೊದಮೊದಲು ಕೊಂಡದ್ದು, ಬೇರೆ ಊರಿನಿಂದ ತಂದದ್ದು ಎಂದಳು. "ಅದರ ಹಿಂದೆ ಒಂದು ಕನ್ನಡಕ ಬರೆದಿದೆ. ಒಂದು ಗಾಜು ಒಡೆದಿದೆ. ನಮ್ಮ ಸಂಪಾದಕರದ್ದು. ಅವತ್ತು ಅವರು ನನ್ನ ಮೇಲೆ ಕೂಗಾಡ್ತಾ ಅದರ ಮೇಲೇ ಕೂತ್ರು." ಪುಟದ ಹಿಂದೆ ಒಡೆದ ಕನ್ನಡಕವಿದ್ದದ್ದು ನಿಜ. ಅದು ಯಾಕಿದೆಯೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಅವಳು ಗೋಡೆಗೆ ಒರಗಿ ನಿಂತಳು.

ಅಷ್ಟರಲ್ಲಿ ಇಸ್ತ್ರಿಯವಳು ಏದುಸಿರು ಬಿಡುತ್ತ ಮೇಲೆ ಬಂದಳು, ಅವಳ ಹಿಂದೆ ಅತ್ತೆ. ಇಸ್ತ್ರಿಯವಳು ಮುದುಕನ ತಂಗಿಯ ಮಗಳು. ಕಥೆ ಅವಳ ಬಾಯಿಂದಲೇ ಹೊರಬಂತು. ವಾರಪತ್ರಿಕೆ ಮುಚ್ಚಿದ ದಿನ ಮಾವ ತನ್ನ ಪುಟಗಳಲ್ಲಿ ಕೈಗೆ ಸಿಕ್ಕಷ್ಟನ್ನು ಕಟ್ಟಿಕೊಂಡು ಮನೆಗೆ ಬಂದಿದ್ದ. ಆಮೇಲೆ ಮಾಲೀಕರ ಕಡೆಯವರು, ಪುಟಗಳೆಲ್ಲ ನಮ್ಮ ಸ್ವತ್ತು ಎಂದು ಮನೆಮನೆ ತಿರುಗಿದರು. ಇವನು ಹೆದರಿ ಮೆಟ್ಟಿಲ ಕೆಳಗೆ ಅಡಗಿಸಿದ. ಇವನು ಸತ್ತಿದ್ದಾನೆಂದು ಯಾರೋ ಸುದ್ದಿ ಹಬ್ಬಿಸಿದಾಗ ಒಳ್ಳೆಯದೇ ಆಯಿತೆಂದು ಸುಮ್ಮನಾದ. ಅಂಗಡಿಯ ಹಬೆ ಹೊಡೆದು ಹೊಡೆದು ಅರ್ಧದಷ್ಟು ಪುಟ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಚೆನ್ನಾಗಿದ್ದವನ್ನು ಮೊದಲು ಕೊಟ್ಟರು.

"ಅವು ಮುಗಿದ ಮೇಲೆ?"

"ನೀನು ಇನ್ನೂ ಇದೆಯಾ, ಇನ್ನೂ ಇದೆಯಾ ಅಂತ ಕೇಳ್ತಿದ್ದೆ. ನಾನು ಬರೆದೆ," ಎಂದ ಮುದುಕ. "ರಟ್ಟು ಅವತ್ತಿಂದೇ, ಉಳಿದಿತ್ತು. ಕೈ ನಂದೇ. ಅವತ್ತೂ ನಾನೇ, ಇವತ್ತೂ ನಾನೇ. ನನ್ನದನ್ನೇ ನಾನು ಬರೆದ್ರೆ ಅದು ಹೇಗೆ ನಕಲಾಗುತ್ತೆ?"

"ಹೇಳಿ ಕೊಡಬೇಕಿತ್ತು."

"ಹೇಳಿದ್ರೆ ತಗೋತಿದ್ದೆಯಾ?"

ಹಲ್ಲಕ್ಕ ಅತ್ತೆಯ ಕೈ ಹಿಡಿದು ಇಳಿದು ಬಂದುಬಿಟ್ಟಳು.

ಮನೆಯಲ್ಲಿ ಖಾನೆಗಳನ್ನೆಲ್ಲ ಎಳೆದು ಪುಟಗಳನ್ನು ಹಾಸಿಗೆಯ ಮೇಲೆ ಹರಡಿದಳು. ಅಸಲು ಯಾವುದು, ಆಮೇಲಿನದು ಯಾವುದು ಎಂದು ವಿಂಗಡಿಸುತ್ತ ಕೂತಳು. ಒಂದು ಗುಂಪಿನಲ್ಲಿದ್ದದ್ದು ಇನ್ನೊಂದಕ್ಕೆ ಹೋಗುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ತಾ ಕಳ್ಳ, ಪರರ ನಂಬ ಅಂತಾರೆ. ದಿನಾ ಸುಳ್ಳು ಹಲ್ಲು ಕಟ್ಟೋಳು ನೀನು. ನನ್ನ ಬಾಯಲ್ಲಿರೋದು ಸುಳ್ಳು ಅಂತ ಯಾರಿಗಾದ್ರೂ ಹೇಳಿದ್ದೀಯಾ?"

"ಅದು ಬೇರೆ, ಅತ್ತೆ."

"ಹೇಗೆ ಬೇರೆ?"

ಹಲ್ಲಕ್ಕ ಕೈಯಲ್ಲಿದ್ದ ಪುಟ ಕೆಳಗಿಟ್ಟಳು. "ನೋಡೋರಿಗೆ ಗೊತ್ತಿರಬೇಕಾಗಿಲ್ಲ. ಆದ್ರೆ ಹಾಕ್ಕೊಂಡೋರಿಗೆ ಗೊತ್ತಿರುತ್ತೆ."

ಅತ್ತೆ ಮರುಮಾತಾಡಲಿಲ್ಲ. ಅದು ಅಪರೂಪ. ಅವಳೇ ನನಗೆ ಇದನ್ನು ಹೇಳಿದ್ದರಿಂದ ನಂಬಬಹುದು.

ಮರುವಾರ ಹಲ್ಲಕ್ಕ ಇಸ್ತ್ರಿಯವಳಿಂದ ಕೊಂಡ ಪುಟಗಳನ್ನೆಲ್ಲ ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. "ಇವುಗಳಲ್ಲಿ ಆಮೇಲೆ ಬರೆದದ್ದು ಯಾವುದೋ ಅದರ ಹಿಂದೆ ಹಾಗಂತ ಬರೆದು ರುಜು ಹಾಕಿ. ಕೊಂಡವಳಿಗೆ ಗೊತ್ತಿರಬೇಕು," ಎಂದಳು. ಮುದುಕ ಮುಖ ಊದಿಸಿಕೊಂಡ. ಆದರೂ ಪೆನ್ನು ತೆಗೆದ. ಅವಳು ನಕಲೇ ಎಂದು ಖಚಿತಮಾಡಿಕೊಂಡಿದ್ದ ಒಂದನ್ನು ಹಾಗೇ ವಾಪಸು ಕೊಟ್ಟ, "ಇದು ಆಗಿಂದು. ಅವತ್ತು ಕೈ ಚೆನ್ನಾಗಿ ಓಡಿತ್ತು." ಅಸಲೆಂದು ಪಕ್ಕಕ್ಕಿಟ್ಟಿದ್ದವುಗಳಿಂದ ಒಂದನ್ನು ತಾನೇ ಎಳೆದುಕೊಂಡು ರುಜು ಹಾಕಿದ. "ಇದರಲ್ಲಿ ಬೇಕಂತಲೇ ಪೆನ್ಸಿಲ್ ಗೀಚಿದ್ದೆ. ನೀನು ಅದನ್ನೇ ನೋಡ್ತೀಯ ಅಂತ ಇವಳು ಹೇಳಿದ್ಲು," ಎಂದು ಇಸ್ತ್ರಿಯವಳ ಕಡೆ ಕೈ ತೋರಿಸಿದ.

"ಈಗಾದ್ರೂ ನಿಜ ಹೇಳ್ತಿದ್ದೀರಾ?"

"ನಿನಗೆ ಯಾರಾದ್ರೂ ಇವತ್ತಿನವರೆಗೆ ನಿಜ ಹೇಳಿದ್ದಾರಾ, ತಾಯಿ?" ಎಂದು ಕೇಳಿದ ಮುದುಕ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಅವತ್ತು ಅವಳು ಕೊನೆಯ ಪುಟದ ಮಾತು ತೆಗೆದಳು. ಸಿನಿಮಾದವರು ಕತ್ತರಿಸಿದ ಆ ದೃಶ್ಯದ ಮೂಲಪುಟ ಎಲ್ಲಿ? ಮುದುಕ ಅರ್ಥವಾಗದವನಂತೆ ನೋಡಿದ.

"ಕತ್ತರಿಸಿದ್ರಾ? ಯಾರು? ಅದು ಸಿನಿಮಾದಲ್ಲಿ ಇರಲೇ ಇಲ್ಲ. ಅವರು ಕಳಿಸಿದ ಕಾಗದದಲ್ಲೂ ಇರಲಿಲ್ಲ. ನೌಕೆ ಹಾರಿತು, ಮುಗಿಯಿತು ಅಂತ ಬರೆದು ಕೊಟ್ಟಿದ್ದೆ. ಯಾವುದೋ ಸೋಪಿನ ಜಾಹೀರಾತು ಕೊನೇ ಗಳಿಗೆಯಲ್ಲಿ ಕೈಕೊಟ್ಟಿತು. ಒಂದು ಪುಟ ಖಾಲಿ, ಸಂಜೆಯೊಳಗೆ ತುಂಬಿಸು ಅಂದ್ರು. ಏನು ಬರೆಯೋದು? ಆ ಹೆಂಗಸು ನೆನಪಾದ್ಲು. ಅರ್ಧದಲ್ಲಿ ಅವಳನ್ನ ಎಲ್ಲರೂ ಮರೆತೇಬಿಟ್ಟಿದ್ರು. ಎಲ್ಲಾದ್ರೂ ಕೂರಿಸೋಣ ಅಂತ ಅಲ್ಲಿ ಕೂರಿಸಿದೆ."

ಹಲ್ಲಕ್ಕ ನಂಬಲಿಲ್ಲ. ಮುದುಕ ದೊಡ್ಡಸ್ತಿಕೆಗೆ ಹೇಳುತ್ತಿದ್ದಾನೆಂದುಕೊಂಡಳು. ನೌಕೆ ಹಾರುವ ಪುಟ ಅವಳಲ್ಲೇ ಇತ್ತು. ಮರುದಿನ ಅದನ್ನು ಆಸ್ಪತ್ರೆಗೆ ತಂದು, ಎಕ್ಸ್-ರೇ ನೋಡುವ ದೀಪದ ಪೆಟ್ಟಿಗೆಯ ಮೇಲಿಟ್ಟಳು. ನಾನೂ ಪಕ್ಕದಲ್ಲಿದ್ದೆ. ಪುಟದ ಕೆಳಮೂಲೆಯಲ್ಲಿ ಬಿಳಿ ಬಣ್ಣದ ತೇಪೆ, ಅದರ ಮೇಲೆ ನಾಲ್ಕು ಉಪ್ಪಿನ ಗುಡ್ಡೆ. ಯಾವುದೋ ನೆರಳನ್ನು ತಿದ್ದಿದ್ದಾನೆಂದು ಅವಳು ಇಷ್ಟು ವರ್ಷ ನಂಬಿದ್ದಳು. ದೀಪ ಹತ್ತಿದಾಗ ತೇಪೆಯ ಕೆಳಗೆ ಅಕ್ಷರಗಳು ಮಸುಕುಮಸುಕಾಗಿ ಕಂಡವು: 'ಮುಗಿಯಿತು'.

ಅವಳು ದೀಪ ಆರಿಸಿ ಕೂತಳು. "ಅಷ್ಟು ವರ್ಷ ಬೈದೆನಲ್ಲ ಅವರನ್ನ," ಎಂದಳು ಕೊನೆಗೆ. ಯಾರನ್ನು ಎಂದು ಕೇಳುವ ಅಗತ್ಯವಿರಲಿಲ್ಲ. ಒಳಗೆ ಡಾಕ್ಟರು ಎಕ್ಸ್-ರೇ ದೀಪ ಬೇಕೆಂದು ಕೂಗುತ್ತಿದ್ದರು.

ಆ ಕೊನೆಯ ಪುಟದ ಮೂಲ ಇಟ್ಟಿಗೆಯಾಗಿಹೋದ ಕಟ್ಟಿನಲ್ಲಿ ಸೇರಿತ್ತು. ಹಲ್ಲಕ್ಕ ಅದನ್ನು ಇನ್ನೊಮ್ಮೆ ಬರೆದುಕೊಡಲು ಕೇಳಿದಳು. ಈ ಸಲ ತನ್ನ ಕಣ್ಣೆದುರಿಗೇ. ಬಿಡುವಿನ ಮಧ್ಯಾಹ್ನಗಳಲ್ಲಿ ಹೋಗಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವಳು ತಂದ ಅಚ್ಚಿನ ಪುಟವನ್ನು ಮುದುಕ ಮುಟ್ಟಲಿಲ್ಲ. "ನೋಡಿ ಬರೆದ್ರೆ ನೀನೇ ನಕಲು ಅಂತೀಯ," ಎಂದ. ಪೆನ್ಸಿಲು ಹುಡುಕಾಡಿತು. ಆ ಹೆಂಗಸಿನ ಭುಜ ಇಳಿಯಿತು, ಏರಿತು, ಮತ್ತೆ ಇಳಿಯಿತು. ಕೈ ನಡುಗಿದಾಗ ಕಾದು, ನಿಂತ ಮೇಲೆ ಎಳೆಯುತ್ತಿದ್ದ. ಶಾಯಿಯಾದ ಮೇಲೆ ನೋಡಿದರೆ ಶಿರಸ್ತ್ರಾಣದ ಒಳಗಿಂದ ಹೊರಬಂದವಳು ವಯಸ್ಸಾದ ಹೆಂಗಸು. ಚೀಲದ ಮೇಲೆ ಕೂತಿರಲಿಲ್ಲ. ಚೀಲ ಪಕ್ಕದಲ್ಲಿತ್ತು, ಅವಳು ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು.

"ಇವಳು ಹೀಗಿರಲಿಲ್ಲ," ಎಂದಳು ಹಲ್ಲಕ್ಕ.

"ಎಷ್ಟು ಕಾಲದಿಂದ ಅಲ್ಲೇ ಕೂತಿದ್ದಾಳೆ. ಹಾಗೇ ಇರ್ತಾಳಾ?"

ಅವಳಿಗೆ ಆ ಪುಟ ಇಷ್ಟವಾಗಲಿಲ್ಲ. ಇಷ್ಟವಾಗಲಿಲ್ಲವೆಂದು ಅವನಿಗೆ ಹೇಳಿಯೂಬಿಟ್ಟಳು. ಆದರೂ ಚೌಕಟ್ಟು ಹಾಕಿಸಿದಳು. ಅಂದು ಮೊದಲ ಬಾರಿಗೆ ಪುಟವನ್ನು ಚೌಕಟ್ಟಿನವನ ಅಂಗಡಿಯಲ್ಲೇ ಬಿಟ್ಟು ಚಹಾ ಕುಡಿಯಲು ಹೋದಳಂತೆ. ಬದಲಾಯಿಸಲು ಅದರ ಜೋಡಿ ಲೋಕದಲ್ಲಿ ಎಲ್ಲೂ ಇರಲಿಲ್ಲವಲ್ಲ.

ಮುದುಕನಿಗೆ ಹಲ್ಲು ಕಟ್ಟಿಕೊಡುತ್ತೇನೆಂದು ಅವಳು ಎಷ್ಟು ಹೇಳಿದರೂ ಅವನು ಅಳತೆಗೆ ಬಾಯಿ ತೆರೆಯಲಿಲ್ಲ. ಬೇಸಿಗೆ ಬರುವ ಮೊದಲೇ ತೀರಿಕೊಂಡ. ಈ ಸಲ ನಿಜವಾಗಿಯೂ. ಆ ಸುದ್ದಿ ಕೇಳಿದಾಗಲೂ ಸಂಗ್ರಹಕಾರರಲ್ಲಿ ಕೆಲವರು ನಕ್ಕರು: ಯಾವಾಗಲೋ ಸತ್ತವನು ಮತ್ತೆ ಹೇಗೆ ಸತ್ತ? ಕೊನೆಯ ಪುಟವನ್ನು ಅವರಿಗೆ ತೋರಿಸಿದಾಗ ಭೂತಗನ್ನಡಿ ಹಿಡಿದು ತಲೆಯಾಡಿಸಿದರು. ಹಿಂಬದಿಯ ರುಜುವನ್ನು ಯಾರು ಬೇಕಾದರೂ ಹಾಕಬಹುದು ಎಂದರು. ಹಲ್ಲಕ್ಕ ವಾದಿಸದೆ ಅದನ್ನು ಎತ್ತಿಕೊಂಡು ಬಂದಳು.

ಇಸ್ತ್ರಿಯವಳು ಬೂಷ್ಟು ಹಿಡಿದ ಕಟ್ಟನ್ನು ಹಾಗೇ ತಂದು ಅವಳ ಮೇಜಿನ ಮೇಲಿಟ್ಟಳು. ಮಾವ ಇಲ್ಲದ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಈಗ ಊಟದ ಬಿಡುವಿನಲ್ಲಿ ಹಲ್ಲಕ್ಕ ಕೆಟಲಿನ ಹಬೆಗೆ ಅದನ್ನು ಹಿಡಿದು, ಮೇಣ ಕೆತ್ತುವ ಚಾಕುವಿನಿಂದ ಒಂದೊಂದೇ ಪದರ ಬಿಡಿಸುತ್ತಾಳೆ. ಹೆಚ್ಚಿನದು ಪುಡಿಯಾಗುತ್ತದೆ. ಇದುವರೆಗೆ ಒಂದು ಬೂಟು, ನೌಕೆಯ ಬಾಲ, ಯಾರದೋ ಕೈಗವಸು ಸಿಕ್ಕಿವೆ. ಇಸ್ತ್ರಿಯವಳೂ ಆಗಾಗ ಬಂದು ಪಕ್ಕದಲ್ಲಿ ಕೂರುತ್ತಾಳೆ. ಮೊನ್ನೆ ಅವಳು ಎದ್ದು ಹೋದ ಮೇಲೆ ಹಲ್ಲಕ್ಕ ನನ್ನ ಮೇಜಿನ ಹತ್ತಿರ ಬಂದು ಬಾಗಿಲ ಕಡೆ ಒಮ್ಮೆ ನೋಡಿದಳು.

"ಇಷ್ಟೇ ಇದ್ದದ್ದು ಅಂತಾಳೆ."

"ಹೌದಲ್ಲ. ಇಷ್ಟೇ ಇರಬಹುದು."

"ಇರಬಹುದು," ಎಂದಳು. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.